ಗುಬ್ಬಿಗೆ ಬಂದ ಇಪ್ಪತ್ತರ ಹುಡುಗನೂ ನಮ್ಮ ಶನಿವಾರದ ಪಾಠವೂ

ನಮ್ಮ ಕ್ಯಾಂಪಸ್ಸಲ್ಲಿ ಮಿಷನರಿಗಳಿಗೆ ವರ್ಷಕ್ಕೆ ಎರಡು ಸೀಸನ್. ನವೆಂಬರ್ ಬಂದ್ರೆ ರಾಜ್ಯೋತ್ಸವದ ಪಿಪಿಟಿಯಲ್ಲಿ ಕಿಟೆಲ್ ಫೋಟೋ ಬರುತ್ತೆ. ಉದ್ದ ಗಡ್ಡ, ಕೆಳಗೆ ಕನ್ನಡಕ್ಕೆ ನಿಘಂಟು ಕೊಟ್ಟ ಮಹನೀಯ ಅಂತ ಒಂದು ಸಾಲು, ಎಲ್ರೂ ಚಪ್ಪಾಳೆ ಹೊಡೀತೀವಿ. ಡಿಸೆಂಬರ್ ಬಂದ್ರೆ ಅದೇ ಗ್ರೂಪಿನಲ್ಲಿ ಮಿಷನರಿಗಳು ಅಕ್ಕಿ ಕೊಟ್ಟು ಮತಾಂತರ ಮಾಡಿದ್ರು ಅನ್ನೋ ಫಾರ್ವರ್ಡ್ ಓಡಾಡುತ್ತೆ. ಎರಡನ್ನೂ ಕಳಿಸಿದವನು ಒಬ್ಬನೇ ಆಗಿರೋದೂ ಉಂಟು. ಅವನನ್ನ ಕೇಳಿದ್ರೆ "ಕಿಟೆಲ್ ಬೇರೆ ಮಗಾ, ಮಿಷನರಿ ಬೇರೆ" ಅಂತಾನೆ. ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದಿದ್ದೇ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಅನ್ನೋದು ಆ ಪಿಪಿಟಿಯಲ್ಲಿ ಇರಲ್ಲ.

ನನಗೆ ಈ ಎರಡೂ ಸೀಸನ್ ಬೇಜಾರು ತರಿಸಿವೆ. ಯಾಕಂದ್ರೆ ಎರಡರಲ್ಲೂ ಶಾಲೆ ನಡೆಸಿದ ಮನುಷ್ಯ ಕಾಣಿಸಲ್ಲ. ಬಿಸಿಲಲ್ಲಿ, ಬಾರದ ಭಾಷೆಯಲ್ಲಿ, ತನ್ನದಲ್ಲದ ಊರಿನಲ್ಲಿ ನಾಕು ಮಕ್ಕಳನ್ನ ಕೂರಿಸಿಕೊಂಡು ಪಾಠ ಹೇಳೋದು ಅಂದ್ರೆ ಏನು, ಆ ಮಕ್ಕಳ ಅಪ್ಪ ಅಮ್ಮ ಏನು ಲೆಕ್ಕ ಹಾಕಿ ಕಳಿಸ್ತಿದ್ರು, ಇದು ಯಾರಿಗೂ ಬೇಡ. ಆದರೆ ಶನಿವಾರ ಶನಿವಾರ ಟೀ ಶರ್ಟ್ ಹಾಕ್ಕೊಂಡು ಸುತ್ತಮುತ್ತಲ ಹಳ್ಳಿಯ ಸರ್ಕಾರಿ ಶಾಲೆಗೆ ಪಾಠಕ್ಕೆ ಹೋಗೋ ನಮಗೆ ಬೇಕಾಗಿರೋದು ಅದೇ.

ದೂರ ಹೋಗೋದು ಬೇಡ. ಕ್ಯಾತ್ಸಂದ್ರದಿಂದ ಗುಬ್ಬಿಗೆ ಬಸ್ಸಲ್ಲಿ ಒಂದು ಗಂಟೆಯೊಳಗೆ ಹೋಗಬಹುದು. ಗುಬ್ಬಿ ಅಂದ ತಕ್ಷಣ ನಮಗೆಲ್ಲ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತೆ. ಆ ಕಂಪನಿ ಹುಟ್ಟಿದ್ದು 1884ರಲ್ಲಿ. ಅದಕ್ಕೂ ನಲವತ್ತೈದು ವರ್ಷ ಮೊದಲು, 1839ರಲ್ಲಿ, ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ ವಿಲಿಯಂ ಆರ್ಥರ್ ಅನ್ನೋ ಹುಡುಗನನ್ನ ಇದೇ ಗುಬ್ಬಿಗೆ ಕಳಿಸಿತು. ಹುಡುಗ ಅಂತ ಯಾಕೆ ಅಂದೆ ಅಂದ್ರೆ ಅವನು ಹುಟ್ಟಿದ್ದು 1819ರ ಫೆಬ್ರವರಿಯಲ್ಲಿ, ಐರ್ಲೆಂಡಿನ ಆಂಟ್ರಿಮ್ ಸೀಮೆಯಲ್ಲಿ. ಹಡಗು ಹತ್ತಿದಾಗ ಇಪ್ಪತ್ತು ತುಂಬಿ ಎರಡು ತಿಂಗಳು. ನಮ್ಮ ಕ್ಲಾಸಲ್ಲಿ ಬ್ಯಾಕ್ ಇರೋ ಸೀನಿಯರ್ ವಯಸ್ಸು.

ಆಗ ಸೂಯೆಜ್ ಕಾಲುವೆ ಇಲ್ಲ, ಅದು ಆಗಿದ್ದು 1869ಕ್ಕೆ. ಆಫ್ರಿಕಾದ ತುದಿ ಸುತ್ತಿ ತಿಂಗಳುಗಟ್ಟಲೆ ಹಡಗಿನಲ್ಲಿ ಕೂತು ಮದ್ರಾಸಿಗೆ ಬರಬೇಕು. ಅಲ್ಲಿಂದ ಬೆಂಗಳೂರಿಗೆ ರೈಲು ಬಂದಿದ್ದೇ 1864ರಲ್ಲಿ, ಹಾಗಾಗಿ ಎತ್ತಿನ ಗಾಡಿ, ಪಲ್ಲಕ್ಕಿ, ಕುದುರೆ ಇಷ್ಟೇ. ತುಮಕೂರು ದಾಟಿ ಗುಬ್ಬಿ ಸೇರೋ ಹೊತ್ತಿಗೆ ಮೈಯೆಲ್ಲ ಧೂಳು. ಫ್ಯಾನ್ ಇಲ್ಲ, ಕರೆಂಟಿಲ್ಲ, ಕಾಲರಾಗೆ ಮದ್ದಿಲ್ಲ. ಏಪ್ರಿಲ್‌ನಲ್ಲಿ ಡ್ರಾಯಿಂಗ್ ಹಾಲ್‌ನಲ್ಲಿ ಮೂರು ಗಂಟೆ ಕೂತಿದ್ದಕ್ಕೆ ನಾವು ಎಷ್ಟು ಗೊಣಗ್ತೀವಿ ಅಂತ ನಿಮಗೇ ಗೊತ್ತು. ಹಾಗೆ ನೋಡಿದ್ರೆ ನಮ್ಮ ಬಯಲುಸೀಮೆ ರಾಯಚೂರಿನಷ್ಟು ಕಾಯಲ್ಲ. ಆದ್ರೂ ಐರ್ಲೆಂಡಿನ ಮೋಡದ ಕೆಳಗೆ ಬೆಳೆದವನಿಗೆ ಇದೇ ಬಾಣಲೆ. ಎರಡೇ ವರ್ಷಕ್ಕೆ ಆರೋಗ್ಯ ಕೆಟ್ಟು 1841ರಲ್ಲಿ ವಾಪಸ್ ಹೊರಟ. ಊರಿಗೆ ಹೋಗಿ 1847ರಲ್ಲಿ ಮೈಸೂರು ಸೀಮೆಯ ಮಿಷನ್ ಬಗ್ಗೆ ಒಂದು ಪುಸ್ತಕ ಬರೆದ, ಮುಂದೆ ದೊಡ್ಡ ಹೆಸರು ಮಾಡಿ 1866ರಲ್ಲಿ ಅವರ ಸಭೆಗೇ ಅಧ್ಯಕ್ಷನಾದ.

ಗುಬ್ಬಿ ಮಿಷನ್ನಿನ ಶುರುವಿನ ದಿನಗಳಲ್ಲಿ ದುಡಿದ ಇನ್ನೊಬ್ಬ ಥಾಮಸ್ ಹಾಡ್ಸನ್. ಇವನು ದಶಕಗಳ ಕಾಲ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದವನು. 1859ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣ ಬರೆದ. ಎರಡು ವರ್ಷ ಇದ್ದವನು ಪ್ರಸಿದ್ಧ ಆದ, ದಶಕಗಟ್ಟಲೆ ಇದ್ದವನು ವ್ಯಾಕರಣ ಬರೆದ. ಈ ಕಾಲದಲ್ಲೂ ಲೆಕ್ಕ ಹೀಗೇ ಇದೆ ಅಂತ ನನಗನ್ನಿಸುತ್ತೆ, ಇರಲಿ.

ಈಗ 'ಬಡ ದೇಶ' ಅನ್ನೋ ಮಾತಿಗೆ ಬರ್ತೀನಿ. ಗುಬ್ಬಿ ಆಗಲೂ ಅಡಿಕೆ, ತೆಂಗಿನ ವ್ಯಾಪಾರದ ಊರು, ಸಂತೆಗೆ ಹೆಸರಾದ ಊರು. ಅಲ್ಲಿನ ಸಾಹುಕಾರರ ಮುಂದೆ ಪಾದ್ರಿಯ ಸಂಬಳ ಏನೂ ದೊಡ್ಡದಿರಲಾರದು. ಬಡತನ ಇರಲಿಲ್ಲ ಅಂತಲ್ಲ. ಹೊಲೆಮಾದಿಗರ ಕೇರಿಯಲ್ಲಿ ಇತ್ತು, ಮಳೆ ಕೈಕೊಟ್ಟ ವರ್ಷ ಎಲ್ಲರ ಮನೆಯಲ್ಲೂ ಇತ್ತು. 1876ರಿಂದ 78ರ ಬರಗಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಹತ್ತು ಲಕ್ಷದಷ್ಟು ಜನ ಸತ್ತರು, ಅಂದ್ರೆ ಐದರಲ್ಲಿ ಒಬ್ಬರು. ಆಗ ಅನಾಥ ಮಕ್ಕಳನ್ನ ಮಿಷನ್ನುಗಳು ಸಾಕಿದ್ದೂ ನಿಜ. ಆ ಮಕ್ಕಳಲ್ಲಿ ಎಷ್ಟೋ ಜನ ಕ್ರೈಸ್ತರಾಗಿ ಬೆಳೆದದ್ದೂ ನಿಜ. ಎರಡನ್ನೂ ಒಟ್ಟಿಗೆ ಹೇಳೋಕೆ ನಮಗೆ ಯಾಕೆ ಇಷ್ಟು ಕಷ್ಟ?

ಆದರೆ ಮಿಷನ್ ನಡೀತಿದ್ದದ್ದು ಅಲ್ಲಿನ ಜನ ಕೊಡೋ ಚಂದಾದಲ್ಲಿ. ಇಂಗ್ಲೆಂಡಿನ ಯಾವುದೋ ಊರಿನ ಅಂಗಡಿಯವನು, ಗಿರಣಿಯ ಕೆಲಸದವಳು ಕೊಟ್ಟ ಕಾಸು. ಅವರು ಕೊಡ್ತಾ ಇರಬೇಕು ಅಂದ್ರೆ ಇಲ್ಲಿನ ಕತ್ತಲೆ, ಇಲ್ಲಿನ ಹಸಿವು, ಇಲ್ಲಿನ 'ಮೂಢತನ' ಇವುಗಳ ವರದಿ ತಪ್ಪದೆ ಹೋಗ್ತಾ ಇರಬೇಕು. ಹಾಗಾಗಿ ಆ ಕಾಲದ ಮಿಷನ್ ಪುಸ್ತಕಗಳನ್ನ ಓದಿದ್ರೆ ಮೈ ಉರಿಯುತ್ತೆ. ನಮ್ಮ ದೇವರು, ನಮ್ಮ ಜಾತ್ರೆ ಯಾವುದರ ಬಗ್ಗೆಯೂ ಒಂದು ಒಳ್ಳೆ ಮಾತು ಕಷ್ಟಪಟ್ಟು ಹುಡುಕಬೇಕು. ಹಾಗೆ ಬರೆದವರೇ ಕೂತು ಕನ್ನಡದ ಕ್ರಿಯಾಪದಗಳನ್ನ ಬಿಡಿಸಿ ಬಿಡಿಸಿ ಕಲಿತವರು. ಒಂದೇ ತಲೆಯಲ್ಲಿ ಎರಡೂ ಇತ್ತು.

ಬಡತನ ತೋರಿಸಿದ್ರೆ ದುಡ್ಡು ಬರುತ್ತೆ ಅನ್ನೋ ಈ ವ್ಯವಹಾರ ನಮಗೆ ಹೊಸದೇನಲ್ಲ ನೋಡಿ. ನಮ್ಮ ಶನಿವಾರದ ಪಾಠದ ರೀಲ್ ತೆಗೆಯುವಾಗ ಕ್ಯಾಮೆರಾ ಯಾವ ಮಗುವಿನ ಹತ್ರ ಹೋಗುತ್ತೆ? ಚಪ್ಪಲಿ ಇಲ್ಲದ ಮಗುವಿನ ಹತ್ರ. ಹಿನ್ನೆಲೆಗೆ ಪಿಯಾನೋ. ಅದೇ ಶಾಲೆಯಲ್ಲಿ ಏಳನೇ ಕ್ಲಾಸಿನ ಒಬ್ಬ ಹುಡುಗ ಬೋರ್‌ವೆಲ್ ಮೋಟರ್ ಸ್ಟಾರ್ಟರ್ ಬಿಚ್ಚಿ ಸರಿ ಮಾಡ್ತಾನೆ, ನಮ್ಮ ಬ್ರಾಂಚಿನ ಅರ್ಧ ಜನಕ್ಕೆ ಅದು ಬರಲ್ಲ. ಅವನ ರೀಲ್ ಯಾರೂ ಮಾಡಿಲ್ಲ.

ಮಿಷನರಿಗಳು ಬರೋ ಮೊದಲು ಇಲ್ಲಿ ಶಾಲೆಯೇ ಇರಲಿಲ್ಲ ಅನ್ನೋದು ಪೂರ್ತಿ ಸುಳ್ಳು. ಕೂಲಿಮಠಗಳಿದ್ದವು. ಜಗಲಿ ಮೇಲೆ ಐಗಳು ಕೂತು ಮರಳಲ್ಲಿ ಅಕ್ಷರ ತಿದ್ದಿಸ್ತಿದ್ರು, ಮಗ್ಗಿ ಬಾಯಿಪಾಠ, ಅಮರಕೋಶ, ಜೈಮಿನಿ ಭಾರತ. ಅಂಗಡಿ ಲೆಕ್ಕ ಬರೆಯೋಕೆ, ಶ್ಯಾನುಭೋಗಿಕೆ ಮಾಡೋಕೆ ಅಷ್ಟು ಸಾಕಿತ್ತು. ಆದರೆ ಆ ಜಗಲಿ ಹತ್ತೋಕೆ ಎಲ್ಲರಿಗೂ ಅವಕಾಶ ಇರಲಿಲ್ಲ. ಹೆಣ್ಣುಮಕ್ಕಳು ಅಪರೂಪ, ಕೇರಿಯ ಮಕ್ಕಳು ಇಲ್ಲವೇ ಇಲ್ಲ. ಸರ್ಕಾರಿ ಶಾಲೆ ಬಂದ ಮೇಲೂ ಹಾಗೇ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಅಸ್ಪೃಶ್ಯ ಜಾತಿಯ ಒಬ್ಬ ಹುಡುಗ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದ. ಸೇರಿಸಿಕೊಳ್ಳಲಿಲ್ಲ. ಅದು ಬಾಂಬೆ ಸರ್ಕಾರದವರೆಗೆ ಹೋಗಿ, ಅಲ್ಲಿಂದ ಮುಂದೆಯೂ ಹೋಗಿ ದೊಡ್ಡ ಚರ್ಚೆಯಾಯ್ತು. ಅಂಥ ಹೊತ್ತಲ್ಲಿ ಒಳಗೆ ಬಾ ಅಂದ ಬಾಗಿಲುಗಳಲ್ಲಿ ಮಿಷನ್ನಿನ ಬಾಗಿಲೂ ಒಂದು. ಅಲ್ಲೂ ಕೇರಿಯ ಮಕ್ಕಳು ಬಂದು ಕೂತ್ರೆ ಮೇಲ್ಜಾತಿಯ ಮಕ್ಕಳನ್ನ ಮನೆಯವರು ಬಿಡಿಸಿಕೊಂಡು ಹೋಗ್ತಿದ್ರು. ಎಷ್ಟೋ ಕಡೆ ಪಾದ್ರಿಗಳೂ ಸುಮ್ಮನೆ ಹೊಂದಿಕೊಂಡರು.

ಹೆಣ್ಣುಮಕ್ಕಳ ಶಾಲೆಯ ವಿಷಯ ಬೇರೆಯೇ ಹೇಳಬೇಕು. ಅದನ್ನ ಶುರು ಮಾಡಿದವರು ಹೆಚ್ಚಾಗಿ ಪಾದ್ರಿಗಳ ಹೆಂಡತಿಯರು. 1840ರ ಸುಮಾರಿಗೆ ಬೆಂಗಳೂರಲ್ಲಿ ಲಂಡನ್ ಮಿಷನ್ನಿನ ರೈಸ್ ಮತ್ತು ಸೀವೆಲ್ ಅನ್ನೋ ಇಬ್ಬರು ಪಾದ್ರಿಗಳ ಹೆಂಡತಿಯರು ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ದಾಖಲೆಯಲ್ಲಿ ಅವರು ಶ್ರೀಮತಿ ರೈಸ್, ಶ್ರೀಮತಿ ಸೀವೆಲ್ ಅಷ್ಟೇ. ಸಂಬಳ ಗಂಡನಿಗೆ, ಹೆಸರು ಗಂಡಂದು, ಶಾಲೆ ಇವರದು. ಆ ರೈಸ್ ದಂಪತಿಯ ಮಗ ಬಿ. ಎಲ್. ರೈಸ್, 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದವನು. ಮುಂದೆ ನಮ್ಮ ಶಾಸನಗಳನ್ನೆಲ್ಲ ಹುಡುಕಿ ಎಪಿಗ್ರಾಫಿಯಾ ಕರ್ನಾಟಿಕಾ ಹೊರತಂದ. ತುಮಕೂರು ಜಿಲ್ಲೆಯದು ಹನ್ನೆರಡನೇ ಸಂಪುಟ, 1904. ನಿಮ್ಮೂರ ದೇವಸ್ಥಾನದ ಹಿಂದೆ ಬಟ್ಟೆ ಒಗೆಯೋಕೆ ಬಳಸೋ ಕಲ್ಲು ಅದರಲ್ಲಿ ಇದ್ರೂ ಇರಬಹುದು, ಒಮ್ಮೆ ನೋಡಿ.

ಮತಾಂತರದ ಪ್ರಶ್ನೆಯನ್ನ ನಾನು ತಪ್ಪಿಸಿಕೊಂಡು ಹೋಗ್ತಿಲ್ಲ. ಮಿಷನ್ ಶಾಲೆ ಇದ್ದದ್ದೇ ಅದಕ್ಕೆ, ಅವರು ಅದನ್ನ ಮುಚ್ಚಿಟ್ಟವರೂ ಅಲ್ಲ. ಬೈಬಲ್ ಪಾಠ ಟೈಮ್‌ಟೇಬಲ್ಲಲ್ಲೇ ಇರ್ತಿತ್ತು. ಅಪ್ಪ ಅಮ್ಮಂದಿರ ಭಯಕ್ಕೂ ಆಧಾರ ಇತ್ತು. 1844ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಶಾಲೆಯಲ್ಲಿ ಓದ್ತಿದ್ದ ಆನಂದರಾವ್ ಕೌಂಡಿನ್ಯ ಅನ್ನೋ ಸಾರಸ್ವತರ ಹುಡುಗ ದೀಕ್ಷೆ ತಗೊಂಡ. ನಮ್ಮದೇ ವಯಸ್ಸು. ಊರಲ್ಲಿ ಕೋಲಾಹಲ ಎದ್ದಿತು, ಮಕ್ಕಳನ್ನ ಶಾಲೆಯಿಂದ ಬಿಡಿಸಿಕೊಂಡರು. ಮನೆಯವರ ಪಾಲಿಗೆ ಮಗ ಸತ್ತ ಹಾಗೇ. ಅವನಿಗೆ ಪಾಠ ಹೇಳಿದ್ದ ಹರ್ಮನ್ ಮೋಗ್ಲಿಂಗ್ ಮುಂದೆ ಅವನನ್ನ ಮಗನಂತೆ ನೋಡಿಕೊಂಡ. ಅದರ ಹಿಂದಿನ ವರ್ಷ, 1843ರಲ್ಲಿ, ಇದೇ ಮೋಗ್ಲಿಂಗ್ ಮಂಗಳೂರ ಸಮಾಚಾರ ಶುರು ಮಾಡಿದ್ದ, ಕನ್ನಡದ ಮೊದಲ ಪತ್ರಿಕೆ. ನಮ್ಮ ಕ್ವಿಜ್‌ಗಳಲ್ಲಿ ಪತ್ರಿಕೆಯ ಪ್ರಶ್ನೆ ಪ್ರತಿ ವರ್ಷ ಬರುತ್ತೆ, ಕೌಂಡಿನ್ಯನ ಪ್ರಶ್ನೆ ಬರಲ್ಲ. ಒಬ್ಬ ತಾಯಿಯ ಹೊಟ್ಟೆಉರಿ ಒಂದು ಅಂಕದ ಪ್ರಶ್ನೆ ಆಗಲ್ಲವಲ್ಲ.

ಇಷ್ಟಾದರೂ ಜನ ಮಕ್ಕಳನ್ನ ಕಳಿಸೋದು ನಿಲ್ಲಿಸಲಿಲ್ಲ. ಒಂದೆರಡು ವರ್ಷ ಬಿಟ್ಟು ಮತ್ತೆ ಕಳಿಸಿದರು. ಯಾಕೆ? ಇಂಗ್ಲಿಷ್ ಬೇಕಿತ್ತು. 1831ರಿಂದ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು, ಕಚೇರಿಯ ಕೆಲಸ ಬೇಕಂದ್ರೆ ಇಂಗ್ಲಿಷ್ ಬರಬೇಕು. ಪಾದ್ರಿಗೆ ಆತ್ಮ ಬೇಕಿತ್ತು, ಅಪ್ಪನಿಗೆ ಗುಮಾಸ್ತೆ ಕೆಲಸ ಬೇಕಿತ್ತು. ಇಬ್ಬರಿಗೂ ಇನ್ನೊಬ್ಬರ ಲೆಕ್ಕ ಗೊತ್ತಿತ್ತು. ಹುಡುಗ ಬೈಬಲ್ ಪಾಠದಲ್ಲಿ ಕೂತ, ಪರೀಕ್ಷೆಯಲ್ಲಿ ಪಾಸಾದ, ಮನೆಗೆ ಬಂದು ಸಂಧ್ಯಾವಂದನೆಯನ್ನೋ ಲಿಂಗಪೂಜೆಯನ್ನೋ ಮಾಡಿದ, ಕೆಲಸಕ್ಕೆ ಸೇರಿದ. ಹಾಡ್ಸನ್ 1877ರಲ್ಲಿ ಗುಬ್ಬಿ ಸೀಮೆಯ ಮಿಷನ್ ಕೆಲಸದ ಬಗ್ಗೆ ಒಂದು ಪುಸ್ತಕ ತಂದ. ಅದರ ನಾಯಕ ಕ್ರೈಸ್ತನಾದ ಒಬ್ಬ ಮುದುಕ, ಡೇನಿಯಲ್. ಒಬ್ಬನ ಮೇಲೆ ಒಂದು ಇಡೀ ಪುಸ್ತಕ ಬರೀಬೇಕಾಯ್ತು ಅಂದ್ರೆ ಒಟ್ಟು ಲೆಕ್ಕ ಎಷ್ಟಿತ್ತು ಅಂತ ನೀವೇ ಊಹೆ ಮಾಡಿ. ನಮ್ಮ ಜನ ಪೆದ್ದರಾಗಿದ್ರು, ಮೋಸ ಹೋದ್ರು ಅಂತ ಫಾರ್ವರ್ಡ್ ಮಾಡೋರು ಇದನ್ನ ಸ್ವಲ್ಪ ಯೋಚಿಸಬೇಕು. ಗುಬ್ಬಿ ಸಂತೆಯಲ್ಲಿ ಚೌಕಾಸಿ ಮಾಡಿ ಬೆಳೆದ ಜನ ಅವರು. ಇನ್ನು, ಕ್ರೈಸ್ತರಾದವರೆಲ್ಲ ಅಕ್ಕಿಗೆ ಮಾರಿಕೊಂಡವರು ಅನ್ನೋದು ಅವರಿಗೆ ತಲೆಯೇ ಇರಲಿಲ್ಲ ಅಂದ ಹಾಗೆ. ಜಗಲಿ ಹತ್ತೋಕೆ ಬಿಡದ ಊರಿಗಿಂತ ಬೆಂಚಿನ ಮೇಲೆ ಕೂರಿಸಿದ ಮನೆ ಮೇಲು ಅಂತ ಒಬ್ಬ ಲೆಕ್ಕ ಹಾಕಿದ್ರೆ ಆ ಲೆಕ್ಕ ತಪ್ಪು ಅನ್ನೋಕೆ ನಾನ್ಯಾರು?

ಇಂಜಿನಿಯರಿಂಗ್‌ನವರಿಗೆ ಒಂದು ಅಡ್ಡಮಾತು. ಬಾಸೆಲ್ ಮಿಷನ್ನಿನಲ್ಲಿ ಕ್ರೈಸ್ತರಾದವರನ್ನ ಮನೆಯಿಂದ, ಕುಲಕಸುಬಿನಿಂದ ಹೊರಗೆ ಹಾಕ್ತಿದ್ರು. ಅವರಿಗೆ ಹೊಟ್ಟೆಪಾಡು ಬೇಕಲ್ಲ, ಅದಕ್ಕೇ ನೇಯ್ಗೆ ಕಾರ್ಖಾನೆ ಬಂತು, 1865ರಲ್ಲಿ ಪ್ಲೆಬ್ಸ್ಟ್ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ತೆಗೆದ. ಮಂಗಳೂರು ಹೆಂಚು ಹುಟ್ಟಿದ್ದು ಹಾಗೆ. ತುಮಕೂರು ಕಡೆಯ ಹಳೇ ಶಾಲೆಗಳ ಮಾಡು ನೋಡಿ, ಅದೇ ಹೆಂಚು. ಜಾತಿಯಿಂದ ಹೊರಗೆ ಹಾಕಿದ್ದರ ಫಲ ಊರಿನ ಎಲ್ಲ ಜಾತಿಯವರ ತಲೆ ಮೇಲೂ ಇದೆ.

ಈಗ ಭಾಷೆ. ನನಗೆ ಮುಖ್ಯ ಇದು. ಮಿಷನರಿಗಳಲ್ಲೇ ಎರಡು ಪಂಗಡ ಇತ್ತು. ಕಲ್ಕತ್ತೆಯಲ್ಲಿ ಅಲೆಕ್ಸಾಂಡರ್ ಡಫ್ 1830ರಲ್ಲಿ ಇಂಗ್ಲಿಷಿನಲ್ಲೇ ಪಾಠ ಅಂತ ಶಾಲೆ ತೆಗೆದು ಹೆಸರು ಮಾಡಿದ್ದ. ಇನ್ನೊಂದು ಪಂಗಡ ಊರಿನ ಭಾಷೆ ಬಿಟ್ಟು ಊರಿನ ಜನರ ಜೊತೆ ಏನು ಮಾತಾಡ್ತೀರಿ ಅಂತ ಕೇಳ್ತಿತ್ತು. ಗುಬ್ಬಿಯಂಥ ಊರಲ್ಲಿ ಉತ್ತರ ಸುಲಭ. ಅಲ್ಲಿ ಇಂಗ್ಲಿಷ್ ಹೇಳಿದ್ರೆ ಕೇಳೋರು ಯಾರು? ಕನ್ನಡ ಕಲೀಲೇಬೇಕು. ಕಲಿಯೋಕೆ ಇದ್ದ ಸಾಮಗ್ರಿ ತುಂಬಾ ಕಮ್ಮಿ. ವಿಲಿಯಂ ಕೇರಿಯ 1817ರ ವ್ಯಾಕರಣ ಇತ್ತು, ವಿಲಿಯಂ ರೀವ್ ಮಾಡಿದ್ದ ನಿಘಂಟು ಇತ್ತು. ಉಳಿದಿದ್ದೆಲ್ಲ ಮುನ್ಷಿಯ ಬಾಯಿಂದ, ಸಂತೆಯ ಬಾಯಿಂದ. ಅದೇ ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ 1852ರಲ್ಲಿ ಜೈಮಿನಿ ಭಾರತ ಅಚ್ಚು ಹಾಕಿಸಿದ. ಕೂಲಿಮಠದ ಹುಡುಗರು ಬಾಯಿಪಾಠ ಮಾಡ್ತಿದ್ದ ಕಾವ್ಯವನ್ನ ಪಾದ್ರಿ ಕೂತು ಓದಿ, ತಿದ್ದಿ, ಅಚ್ಚಿಗೆ ಕೊಟ್ಟ. ಕೃಷ್ಣನ ಕಥೆ ಅದು! ಅವನ ಉದ್ದೇಶ ಏನೇ ಇರಲಿ, ಅಷ್ಟು ಕನ್ನಡ ಕಲಿಯದೆ ಆ ಕೆಲಸ ಆಗಲ್ಲ.

ಕೊನೆಗೆ ಗೆದ್ದದ್ದು ಡಫ್ ಪಂಗಡ. ಅದನ್ನ ಗೆಲ್ಲಿಸಿದವರು ಪಾದ್ರಿಗಳಿಗಿಂತ ಹೆಚ್ಚಾಗಿ ನಾವೇ. ನಾನು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಯ ಹೆಸರಲ್ಲಿ ಒಬ್ಬರು ಸಂತರಿದ್ರು. ಆಡಳಿತ ಮಂಡಳಿಯಲ್ಲಿ ಒಬ್ಬರೂ ಕ್ರೈಸ್ತರಿರಲಿಲ್ಲ. ಶುಕ್ರವಾರ ಲಕ್ಷ್ಮಿ ಪೂಜೆ ಆಗ್ತಿತ್ತು. ಹೆಸರು ಸೇಂಟ್ ಅಂತಿದ್ರೆ ಅಡ್ಮಿಷನ್ ಜಾಸ್ತಿ, ಅಷ್ಟೇ ಕಾರಣ. ಅಲ್ಲಿ ಕನ್ನಡ ಮಾತಾಡಿದ್ರೆ ಹತ್ತು ರೂಪಾಯಿ ದಂಡ. ನಮ್ಮಜ್ಜಿಗೆ ಈ ವಿಷಯ ಹೇಳಿದಾಗ "ದುಡ್ಡು ಕೊಟ್ಟು ಓದುಸ್ತೀವಿ, ಮಾತಾಡಿದ್ರೆ ಮತ್ತೆ ದುಡ್ಡು ಕೇಳ್ತಾರಾ?" ಅಂದ್ಲು. ಸಮುದ್ರ ದಾಟಿ ಬಂದ ಪಾದ್ರಿ ಪಾಠ ಹೇಳೋಕೆ ಕನ್ನಡ ಕಲಿತ. ನಮ್ಮೂರಿನವರೇ ಆ ಪಾದ್ರಿಯ ಬೋರ್ಡು ಹಾಕ್ಕೊಂಡು ನಮ್ಮ ಕನ್ನಡಕ್ಕೆ ದಂಡ ಹಾಕಿದರು. ಮಿಷನರಿಗಳಿಂದ ನಮ್ಮ ಭಾಷೆ ಹಾಳಾಯ್ತು ಅನ್ನೋರು ಈ ರಸೀದಿಯನ್ನೂ ಲೆಕ್ಕಕ್ಕೆ ತಗೋಬೇಕು.

ಧರ್ಮದ ಹೆಸರಲ್ಲಿ ಶಾಲೆ ನಡೆಸೋದು ಹೊರಗಿನವರು ಮಾತ್ರ ಮಾಡಿದ ಕೆಲಸ ಅಲ್ಲ. ಕ್ಯಾತ್ಸಂದ್ರದಲ್ಲಿ ಇದ್ದುಕೊಂಡು ಅದನ್ನ ಮರೆಯೋಕಾಗಲ್ಲ. ಸಿದ್ಧಗಂಗಾ ಮಠದ ಸಂಸ್ಕೃತ ಪಾಠಶಾಲೆ ಶುರುವಾಗಿದ್ದು 1917ರಲ್ಲಿ, ಉದ್ದಾನ ಶಿವಯೋಗಿಗಳ ಕಾಲದಲ್ಲಿ. ಶಿವಕುಮಾರ ಸ್ವಾಮಿಗಳು 1941ರಲ್ಲಿ ಮಠದ ಹೊಣೆ ಹೊತ್ತು 2019ರ ಜನವರಿ 21ರವರೆಗೆ, ಅಂದ್ರೆ 78 ವರ್ಷ, ಅದೇ ಜಾಗದಲ್ಲಿ ಮಕ್ಕಳಿಗೆ ಊಟ, ವಸತಿ, ಪಾಠ ನೋಡಿಕೊಂಡರು. ಜಾತಿ ಕೇಳಲಿಲ್ಲ. ಬೆಳಗಿನ ಪ್ರಾರ್ಥನೆ ಅಲ್ಲೂ ಇದೆ, ಸಂಸ್ಕೃತಿಯ ಪಾಠ ಅಲ್ಲೂ ಇದೆ, ಮುಚ್ಚುಮರೆ ಇಲ್ಲ. ಸ್ವಾಮಿಗಳು ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಆ ಕಾಲೇಜಿನ ಬೇರು 1858ರ ಒಂದು ಹೈಸ್ಕೂಲಿನಲ್ಲಿದೆ, ಅದರ ಮೊದಲ ಹೆಡ್‌ಮಾಸ್ಟರ್ ವೆಸ್ಲಿಯನ್ ಮಿಷನ್ನಿನಲ್ಲಿ ಕೆಲಸ ಮಾಡಿದ್ದ ಜಾನ್ ಗ್ಯಾರೆಟ್. ಇದೇ ಗ್ಯಾರೆಟ್ 1840ರ ದಶಕದಲ್ಲಿ ಬೆಂಗಳೂರಲ್ಲಿ ಭಗವದ್ಗೀತೆಯನ್ನ ಕನ್ನಡದಲ್ಲೂ ಅಚ್ಚು ಹಾಕಿಸಿದವನು. ಯಾರು ಯಾರಿಂದ ಏನು ಪಡೆದರು ಅಂತ ಗೆರೆ ಎಳೆಯೋಕೆ ಹೋದ್ರೆ ನಮ್ಮ ಸರ್ಕ್ಯೂಟ್ ಡಯಾಗ್ರಾಮಿಗಿಂತ ಗೋಜಲಾಗುತ್ತೆ.

ಎರಡಕ್ಕೂ ಇದ್ದ ವ್ಯತ್ಯಾಸ ನನಗೆ ಕಾಣೋದು ಎರಡು ಕಡೆ. ಮಠಕ್ಕೆ ದವಸ ಬರ್ತಿದ್ದದ್ದು ಆ ಮಕ್ಕಳ ಊರುಗಳಿಂದಲೇ. ರಾಗಿ ಕೊಟ್ಟವನು ಬಂದು ಪಂಕ್ತಿಯಲ್ಲಿ ಕೂತು ಮಕ್ಕಳ ಜೊತೆ ಉಂಡು ಹೋಗ್ತಿದ್ದ, ಹಾಗಾಗಿ ಬಡತನದ ವರದಿ ಯಾರಿಗೂ ಕಳಿಸೋ ಅಗತ್ಯ ಇರಲಿಲ್ಲ. ಇನ್ನೊಂದು, ಬಿಟ್ಟು ಹೋಗಲಿಲ್ಲ. ಪಾಪ, ಆರ್ಥರ್ ಬೇಕಂತ ಬಿಟ್ಟು ಹೋದವನಲ್ಲ. ಆದರೆ ಎರಡು ವರ್ಷದಲ್ಲಿ ಮೇಷ್ಟ್ರು ಹೋದ್ರೆ ಮಗುವಿಗೆ ಅದು ಕಾಯಿಲೆಯೋ ವರ್ಗಾವಣೆಯೋ ಎಲ್ಲ ಒಂದೇ. ಮಿಷನ್ ಶಾಲೆಗಳು ಅಷ್ಟಾದರೂ ನಡೆದದ್ದು ಅಲ್ಲಿ ಪಾಠ ಹೇಳ್ತಿದ್ದ ಊರಿನ ಮೇಷ್ಟ್ರುಗಳಿಂದ. ಆರಂಭದ ದಿನಗಳಲ್ಲಿ ಅವರಲ್ಲಿ ಹೆಚ್ಚಿನವರು ಕ್ರೈಸ್ತರೂ ಅಲ್ಲ, ಸಂಬಳಕ್ಕೆ ಬಂದ ನಮ್ಮ ಐಗಳೇ. ಪಾದ್ರಿ ಬಂದ, ಪಾದ್ರಿ ಹೋದ, ಮಗ್ಗಿ ಹೇಳಿಸಿದವರು ಅವರು. ವರದಿಗಳಲ್ಲಿ ಅವರ ಹೆಸರು ಹುಡುಕಿದ್ರೆ ಸಿಗೋದು ಬಹಳ ಅಪರೂಪ.

ಈಗ ನಮ್ಮ ಶನಿವಾರಕ್ಕೆ ಬರೋಣ. ನಾವು ಯಾಕೆ ಹೋಗ್ತೀವಿ? ಬಾಯಲ್ಲಿ ಸೇವೆ ಅಂತೀವಿ. ಡಿಗ್ರಿ ಕೈಗೆ ಬರಬೇಕಂದ್ರೆ ನೂರು ಎಐಸಿಟಿಇ ಆಕ್ಟಿವಿಟಿ ಪಾಯಿಂಟ್ ಬೇಕು ಅನ್ನೋದು ಎಲ್ಲರಿಗೂ ಗೊತ್ತು. ಪಾದ್ರಿಗೆ ಆತ್ಮ ಬೇಕಿತ್ತು, ನಮಗೆ ಪಾಯಿಂಟ್ ಬೇಕು. ಅದರಲ್ಲಿ ನಾಚಿಕೆ ಪಡೋದೇನಿಲ್ಲ, ಯಾರೂ ಪುಕ್ಕಟೆ ಶಾಲೆ ನಡೆಸಲ್ಲ. ಆದರೆ ಪಾದ್ರಿಯ ಲೆಕ್ಕ ಊರಿಗೇ ಗೊತ್ತಿತ್ತು, ಅದಕ್ಕೇ ಊರು ಚೌಕಾಸಿ ಮಾಡೋಕಾಯ್ತು. ನಮ್ಮ ಲೆಕ್ಕ ಆ ಶಾಲೆಯ ಮೇಷ್ಟ್ರಿಗೆ ಗೊತ್ತಿದೆಯಾ? ಹೆಡ್‌ಮಿಸ್ ಹತ್ರ ಹೋಗಿ "ಮೇಡಂ, ನಮಗೆ ಇಷ್ಟು ಗಂಟೆ ಸಹಿ ಬೇಕು, ಅದಕ್ಕೆ ಬದಲಾಗಿ ನಿಮಗೆ ಏನು ಬೇಕು ಹೇಳಿ" ಅಂತ ಕೇಳಿದ್ರೆ ಅವರು ಬಹುಶಃ ರೋಬೋಟಿಕ್ಸ್ ವರ್ಕ್‌ಶಾಪ್ ಕೇಳಲ್ಲ. ಕಂಪ್ಯೂಟರ್ ರೂಮಲ್ಲಿ ಧೂಳು ತಿಂತಿರೋ ಆರು ಸಿಸ್ಟಮ್ ಸರಿ ಮಾಡಿಕೊಡಿ ಅಂತಾರೆ, ಇಲ್ಲಾಂದ್ರೆ ಎಂಟನೇ ಕ್ಲಾಸಿನವರಿಗೆ ಭಾಗಾಕಾರ ಬರ್ತಿಲ್ಲ, ಅದನ್ನ ಕೂತು ಹೇಳಿಕೊಡಿ ಅಂತಾರೆ. ಇವೆರಡೂ ರೀಲ್‌ಗೆ ಚೆನ್ನಾಗಿ ಬರಲ್ಲ.

ಭಾಷೆಯಲ್ಲಂತೂ ನಾವು ಆರ್ಥರ್‌ಗಿಂತ ಹಿಂದೆ. ಕನ್ನಡ ಮಾತಾಡೋಕೆ ಬರುತ್ತಲ್ಲ ಅಂತೀರಾ? ಕನ್ನಡ ಮೀಡಿಯಂ ಹತ್ತನೇ ಕ್ಲಾಸಿನ ಹುಡುಗಿಗೆ ಓಮ್‌ನ ನಿಯಮ ಹೇಳಿ ನೋಡೋಣ. "ವೋಲ್ಟೇಜ್ ಈಸ್ ಈಕ್ವಲ್ ಟು ಕರೆಂಟ್ ಇನ್‌ಟು ರೆಸಿಸ್ಟೆನ್ಸ್" ಅಂತ ಬೋರ್ಡ್ ಮೇಲೆ ಬರೆದು "ಅರ್ಥ ಆಯ್ತಾ?" ಅಂತೀವಿ. ಅವಳ ಪುಸ್ತಕದಲ್ಲಿ ಇರೋದು ವಿಭವಾಂತರ, ವಿದ್ಯುತ್ ಪ್ರವಾಹ, ರೋಧ. ಅವಳು ಪರೀಕ್ಷೆಯಲ್ಲಿ ಬರೆಯಬೇಕಾದ್ದೂ ಅದೇ. ನಾವು ಹೇಳಿದ್ದು ಅವಳಿಗೆ ತಿಳಿಯಲ್ಲ, ಅವಳ ಪುಸ್ತಕ ನಮಗೆ ತಿಳಿಯಲ್ಲ. ಆದ್ರೂ "ಆಯ್ತು ಅಣ್ಣ" ಅಂತಾಳೆ, ಮನೆಗೆ ಬಂದ ನೆಂಟರಿಗೆ ಬೇಜಾರಾಗಬಾರದಲ್ಲ. ಸಾಂದ್ರತೆ, ವೇಗೋತ್ಕರ್ಷ, ಲಸಾಅ, ಮಸಾಅ, ಇವಿಷ್ಟನ್ನ ಗೂಗಲ್ ನೋಡದೆ ಹೇಳೋಕೆ ನಮ್ಮ ಇಂಗ್ಲಿಷ್ ಮೀಡಿಯಂ ಬ್ಯಾಚಲ್ಲಿ ಎಷ್ಟು ಜನಕ್ಕೆ ಬರುತ್ತೆ? ಸಮುದ್ರದಾಚೆಯ ಹುಡುಗ ಇಪ್ಪತ್ತನೇ ವಯಸ್ಸಲ್ಲಿ ಇದಕ್ಕೆ ಮುನ್ಷಿ ಇಟ್ಟುಕೊಂಡ. ನಮಗೆ ಮುನ್ಷಿ ಬೇಡ, ಆ ಹುಡುಗಿಯ ಪಠ್ಯಪುಸ್ತಕ ಸಾಕು.

ಹಾಗಾಗಿ ನಮ್ಮ ಸಂಘಕ್ಕೆ ನನ್ನ ಕೋರಿಕೆ ಇದು. ಮುಂದಿನ ಸೆಮಿಸ್ಟರ್‌ನಿಂದ ಶನಿವಾರದ ಪಾಠಕ್ಕೆ ಹೆಸರು ಕೊಡೋರು ಒಂದೇ ಶಾಲೆ, ಒಂದೇ ಕ್ಲಾಸು, ಜೂನ್‌ನಿಂದ ಮಾರ್ಚ್‌ವರೆಗೆ ಅಂತ ಒಪ್ಪಿಕೊಂಡು ಕೊಡಲಿ. ಇಂಟರ್ನಲ್ಸ್ ಇರುತ್ತೆ ಗೊತ್ತು. ಅದಕ್ಕೇ ಇಬ್ಬಿಬ್ಬರ ಜೋಡಿ ಮಾಡೋಣ, ಒಬ್ಬರಿಗಾಗದಿದ್ರೆ ಇನ್ನೊಬ್ಬರು. ಹತ್ತು ಶಾಲೆ ಬೇಡ, ಮೂರು ಸಾಕು. ಹೋಗೋ ಮೊದಲು ಆ ಕ್ಲಾಸಿನ ಕನ್ನಡ ಮಾಧ್ಯಮದ ಗಣಿತ, ವಿಜ್ಞಾನದ ಪುಸ್ತಕ ಓದಿರಬೇಕು. ಎರಡೂ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ. ಪಾಯಿಂಟಿನ ವಿಷಯ ಶಾಲೆಯವರಿಗೆ ಮೊದಲೇ ಹೇಳಿಬಿಡೋಣ. ಮಕ್ಕಳ ಮುಖ ಕಾಣೋ ರೀಲ್ ನಿಲ್ಲಿಸೋಣ. ವರದಿ ಬರೆಯುವಾಗ ಆ ಶಾಲೆಯ ಮೇಷ್ಟ್ರು ಒಪ್ಪಿದ್ರೆ ಅವರ ಹೆಸರು ಮೊದಲು, ನಮ್ಮದು ಆಮೇಲೆ.

ಪದಪಟ್ಟಿ ನಾನು ಶುರು ಮಾಡಿದ್ದೀನಿ, ಎಂಟನೇ ಕ್ಲಾಸಿನ ವಿಜ್ಞಾನ ಮುಗಿದಿದೆ. ಒಂಬತ್ತು, ಹತ್ತಕ್ಕೆ ಜನ ಬೇಕು. ಗುರುವಾರ ಸಂಜೆ ಐದೂವರೆಗೆ ಕ್ಯಾತ್ಸಂದ್ರ ಸರ್ಕಲ್ ಹತ್ರ ತಟ್ಟೆ ಇಡ್ಲಿ ತಿನ್ನೋಕೆ ಹೇಗೂ ಎಲ್ಲ ಸೇರ್ತೀವಲ್ಲ, ಬರುವಾಗ ಫೋನಲ್ಲಿ ಆ ಪುಸ್ತಕದ ಪಿಡಿಎಫ್ ಇಳಿಸ್ಕೊಂಡು ಬನ್ನಿ.